ದೊಡ್ಡಪ್ಪನವರ ಮೊಲದ ಬಲೆ

ಕೊರವಂಗಲವೆಂದರೆ ಹೊರಗಿನವರಿಗೆ ಬೂಚೇಶ್ವರ ದೇವಾಲಯ. 1173ರಲ್ಲಿ ಎರಡನೆಯ ವೀರಬಲ್ಲಾಳನ ಪಟ್ಟಾಭಿಷೇಕದ ನೆನಪಿಗೆ ಬೂಚಿರಾಜನೆಂಬ ಅಧಿಕಾರಿ ಕಟ್ಟಿಸಿದ್ದು. ಹಾಸನಕ್ಕೆ ಬಂದ ನೆಂಟರನ್ನೆಲ್ಲ ಅಲ್ಲಿಗೆ ಕರೆದೊಯ್ಯುವುದು ನಮ್ಮ ಮನೆಯ ವಾಡಿಕೆ. ನಾನಿಲ್ಲಿ ಹೇಳಹೊರಟಿರುವುದು ಆ ಸೀಮೆಯ ಕುರುಚಲು ಗೋಮಾಳಗಳಲ್ಲಿ ನನ್ನ ಬಾಲ್ಯದವರೆಗೂ ನಡೆಯುತ್ತಿದ್ದ ಮೊಲದ ಬೇಟೆಯ ವಿಷಯ. ಬಲ್ಲವರು ಒಬ್ಬೊಬ್ಬರಾಗಿ ತೀರಿಹೋಗುತ್ತಿದ್ದಾರೆ; ಆದ್ದರಿಂದ ಬರೆದಿಡುತ್ತಿದ್ದೇನೆ.

ಬಲೆ ನಮ್ಮ ದೊಡ್ಡಪ್ಪನವರದು. ಸೆಣಬಿನ ನಾರನ್ನು ತೊಡೆಯ ಮೇಲೆ ಹೊಸೆದು, ಬೇಸಿಗೆಯ ಬಿಡುವಿನಲ್ಲಿ ಅವರೇ ಹೆಣೆದದ್ದು. ಉದ್ದ ಇಪ್ಪತ್ತು ಮಾರು, ಎತ್ತರ ಸೊಂಟದ ಮಟ್ಟ. ಕಣ್ಣುಗಳ ಅಳತೆ ನಾಲ್ಕು ಬೆರಳು: ಮೊಲದ ತಲೆ ತೂರಬೇಕು, ಹೆಗಲು ತೂರಬಾರದು. ಬಲೆಯ ಜೊತೆಗೆ ಒಂದು ಹೊರೆ ಕೋಲುಗಳು. ಕೆಳತುದಿ ಚೂಪು, ಮೇಲ್ತುದಿಯಲ್ಲಿ ಸಣ್ಣದೊಂದು ಕಚ್ಚು.

ಜಾಣ್ಮೆಯೆಲ್ಲ ಈ ಕೋಲು ನೆಡುವುದರಲ್ಲಿತ್ತು. ಗಟ್ಟಿಯಾಗಿ ನೆಟ್ಟರೆ ಕೆಲಸ ಕೆಟ್ಟಿತು. ಬಿಗಿಯಾದ ಬಲೆಗೆ ಬಡಿದ ಮೊಲ ಚೆಂಡಿನಂತೆ ಪುಟಿದು ಹಿಂದಕ್ಕೋಡುತ್ತದೆ. ಆದ್ದರಿಂದ ಕೋಲನ್ನು ಮಣ್ಣಿಗೆ ತುಸುವೇ ಊರಿ, ಬಲೆಯ ಮೇಲ್ಹಗ್ಗವನ್ನು ಕಚ್ಚಿನ ಮೇಲೆ ಸುಮ್ಮನೆ ಕೂರಿಸುತ್ತಿದ್ದರು, ಗಂಟು ಹಾಕುತ್ತಿರಲಿಲ್ಲ. ಕೆಳಗಿನ ಅಂಚು ನೆಲದ ಮೇಲೆ ಜೋಲಾಗಿ ಬಿದ್ದಿರುತ್ತಿತ್ತು. ಮೊಲ ನುಗ್ಗಿದೊಡನೆ ಕೋಲು ಉರುಳಿ, ಬಲೆ ಅದರ ಮೇಲೆಯೇ ಕವುಚಿಕೊಳ್ಳುತ್ತಿತ್ತು.

ಜಾಗದ ಆಯ್ಕೆಯೂ ಅಷ್ಟೇ ಮುಖ್ಯ. ಇಂಗ್ಲಿಷ್ ಪಾಠದಲ್ಲಿ ಬರುವ ರ‍್ಯಾಬಿಟ್ ಬಿಲ ತೋಡಿ ವಾಸಿಸುವ ಪ್ರಾಣಿ. ನಮ್ಮ ಹೊಲದ ಮೊಲ ಹೇರ್ ಜಾತಿಯದು, ಬಿಲ ತೋಡುವುದಿಲ್ಲ. ರಾತ್ರಿ ಮೇದು, ಹಗಲು ಪೊದೆಯ ನೆರಳಿನಲ್ಲಿ ಮೈ ಒತ್ತಿದ ಗುಳಿಯಲ್ಲಿ ಅಡಗಿರುತ್ತದೆ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಉದ್ದ ಬಲೆಯವರು ಕತ್ತಲಲ್ಲಿ, ಮೇಯಲು ಹೋದ ಮೊಲಗಳಿಗೂ ಅವುಗಳ ಬಿಲಗಳಿಗೂ ನಡುವೆ ಸದ್ದಿಲ್ಲದೆ ಬಲೆ ಕಟ್ಟುತ್ತಿದ್ದರಂತೆ. ನಮ್ಮಲ್ಲಿ ಹಾಡಹಗಲಿನ ಗದ್ದಲದ ಕೆಲಸ. ಮೊಲಕ್ಕೆ ಹಿಂಗಾಲು ಉದ್ದ. ಬೆದರಿದರೆ ಏರಿನ ಕಡೆಗೇ ಓಡುತ್ತದೆ. ದೊಡ್ಡಪ್ಪನವರು ಹಿಕ್ಕೆ ನೋಡಿ, ಹುಲ್ಲು ಬಾಗಿದ ಓಣಿಗಳನ್ನು ನೋಡಿ, ದಿಬ್ಬದ ನೆತ್ತಿಯಲ್ಲಿ ಬಲೆ ಹಿಡಿಸುತ್ತಿದ್ದರು. ಕೆಳಗಿನಿಂದ ಇಪ್ಪತ್ತು ಮೂವತ್ತು ಜನ ಪೊದೆ ಬಡಿಯುತ್ತ, ಕೂಗುತ್ತ ಸೋವಿಕೊಂಡು ಬರುತ್ತಿದ್ದರು. ಯುಗಾದಿಯ ಮರುದಿನದ ಹೊಸತೊಡಕಿಗೆ ಇದು ನಡೆಯಲೇಬೇಕು. ಹುಡುಗರಾದ ನಮಗೆ ಬಲೆಯ ಹತ್ತಿರ ಉಸಿರು ಬಿಡಲೂ ಅಪ್ಪಣೆಯಿರಲಿಲ್ಲ.

ಪಾಲು ಮಾಡುವಾಗ ಜಗಳ ತಪ್ಪಿದ್ದಲ್ಲ. ಬಲೆಗೊಂದು ಪಾಲು, ನಾಯಿಗೊಂದು ಪಾಲು, ಉಳಿದದ್ದು ಸೋವಿದವರಿಗೆ. ಮುಂದೆ ನಾನು ಶಾಲೆಯಲ್ಲಿ ‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಎಂಬ ಗಾದೆಯನ್ನು ವಿಸ್ತರಿಸಿರೆಂದು ಮಕ್ಕಳಿಗೆ ಹೇಳುವಾಗಲೆಲ್ಲ ಆ ಪಾಲಿನ ಜಗಳ ಕಣ್ಣಮುಂದೆ ಬರುತ್ತಿತ್ತು. ಮಕ್ಕಳು ಹಟಮಾರಿತನದ ಕೇಡುಗಳನ್ನು ಒಂದು ಪುಟ ಬರೆದು ಐದಕ್ಕೆ ನಾಲ್ಕು ಅಂಕ ಪಡೆಯುತ್ತಿದ್ದರು.

ದೊಡ್ಡಪ್ಪನವರದೊಂದು ಕಟ್ಟಳೆಯಿತ್ತು. ಬಲೆಯಲ್ಲಿ ಸಿಕ್ಕಿದ ಮೊಲದ ಹೊಟ್ಟೆಯನ್ನು ಮುಟ್ಟಿ ನೋಡಿ, ಬಸುರಿಯಾಗಿದ್ದರೆ ಬಿಟ್ಟುಬಿಡುತ್ತಿದ್ದರು. ಯಾರು ಗೊಣಗಿದರೂ ಕೇಳುತ್ತಿರಲಿಲ್ಲ. ಬಲೆಯಲ್ಲಿ ಸಿಕ್ಕ ಪ್ರಾಣಿ ಇನ್ನೂ ಜೀವಂತವಾಗಿರುತ್ತಿದ್ದುದರಿಂದಲೇ ಇದು ಸಾಧ್ಯವಾಗುತ್ತಿತ್ತು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಮೊಲದ ಬೇಟೆ ಅಪರಾಧವಾಯಿತು. ಅದು ಸರಿಯಾದ ಕಾಯಿದೆಯೆಂಬುದರಲ್ಲಿ ನನಗೆ ಸಂದೇಹವಿಲ್ಲ. ಸುದ್ದಿ ಊರಿಗೆ ತಲುಪಲು ಕೆಲವು ವರ್ಷಗಳೇ ಹಿಡಿದವು. ತಲುಪಿದ ಮೇಲೆ ದೊಡ್ಡಪ್ಪನವರು ಬಲೆಯನ್ನು ಅಟ್ಟಕ್ಕೆ ಹಾಕಿದರು. ಕೋಲುಗಳು ಹಿತ್ತಿಲಿನ ಅವರೆ ಹಂಬಿಗೆ ಊರೆಯಾದವು. ಆದರೆ ಬಲೆ ಮೂಲೆ ಸೇರಿತೆಂದು ಮೊಲ ಹೆಚ್ಚಲಿಲ್ಲ. ಗೋಮಾಳ ಕೆಲವು ಕಡೆ ಉಳುಮೆಗೆ ಹೋಯಿತು, ಕೆಲವು ಕಡೆ ನೀಲಗಿರಿ ತೋಪಾಯಿತು. ಹೊಸದಾಗಿ ನೀಲಗಿರಿ ನೆಡಬಾರದೆಂದು ಸರ್ಕಾರ ಹೇಳಿದ್ದು 2017ರಲ್ಲಿ. ಅಷ್ಟರಲ್ಲಿ ಆ ತೋಪುಗಳ ಕೆಳಗೆ ಮೊಲ ಅಡಗುವಂಥ ಪೊದೆಯೂ ಇರಲಿಲ್ಲ, ಮೇಯುವಂಥ ಹುಲ್ಲೂ ಇರಲಿಲ್ಲ.

ಬಲೆ ಹೋದ ಜಾಗಕ್ಕೆ ಬಂದದ್ದು ಉರುಳು. ನನಗೆ ಸಂಕಟ ತರುವುದು ಇದೇ. ಬಲೆಗೆ ಅರ್ಧ ಊರೇ ಬೇಕಿತ್ತು, ಹೊಟ್ಟೆ ಮುಟ್ಟಿ ನೋಡುವ ಒಂದು ಕೈಯೂ ಇರುತ್ತಿತ್ತು. ಉರುಳಿಗೆ ಬೈಕಿನ ಬ್ರೇಕ್ ವೈರು ಮತ್ತು ಒಬ್ಬ ಮನುಷ್ಯ ಸಾಕು. ಅವನೂ ಅಲ್ಲಿ ನಿಲ್ಲಬೇಕಾಗಿಲ್ಲ. ಮೊಲಕ್ಕೋ ಹಂದಿಗೋ ಒಡ್ಡಿದ ತಂತಿಗೆ ನರಿ ಸಿಕ್ಕುತ್ತದೆ, ನವಿಲು ಸಿಕ್ಕುತ್ತದೆ. ನಮ್ಮ ರಾಜ್ಯದಲ್ಲಿ ಚಿರತೆಗಳು ಹೀಗೆ ಸೊಂಟಕ್ಕೆ ತಂತಿ ಬಿಗಿದು ನರಳಿ ಸತ್ತ ಸುದ್ದಿಗಳನ್ನು ಎಷ್ಟೋ ಸಲ ಓದಿದ್ದೇನೆ.

ಕಳೆದ ವರ್ಷ ನಮ್ಮ ಹೊಲದ ಬೇಲಿಯ ಕಂಡಿಯಲ್ಲಿ ಅಂಥದೇ ಒಂದು ತಂತಿಯ ಕುಣಿಕೆ ಅಣ್ಣನ ಮಗನ ಕಣ್ಣಿಗೆ ಬಿತ್ತು. ಆ ಕಂಡಿಯ ನೆಲದಲ್ಲಿ ಹಿಕ್ಕೆಗಳಿದ್ದವಂತೆ. ಅವನು ಫೋಟೋ ತೆಗೆದುಕೊಂಡು ಅರಣ್ಯ ಇಲಾಖೆಯವರಿಗೆ ತಿಳಿಸಿದ. ಅವರು ಬಂದು ಬಿಚ್ಚಿಕೊಂಡು ಹೋದರು. ಊರಿನಲ್ಲಿ ಜಮೀನಿರುವ ನನ್ನ ವಿದ್ಯಾರ್ಥಿಗಳು ಮತ್ತು ಬಂಧುಗಳು ಈ ಬೇಸಿಗೆಯಲ್ಲಿ ಹೋದಾಗ ಒಮ್ಮೆ ಬೇಲಿಯ ಸುತ್ತ ನಡೆದು, ಕಂಡಿಗಳಲ್ಲಿ ಬಗ್ಗಿ ನೋಡಬೇಕೆಂದು ಕೋರುತ್ತೇನೆ. ತಂತಿ ತೆಳುವಾಗಿರುತ್ತದೆ, ನಿಂತು ನೋಡಿದರೆ ಕಾಣುವುದಿಲ್ಲ.