ಎತ್ತಿದ ಕೈ

ಭಾನುವಾರದ ಶಾಲೆಯಲ್ಲಿ ಕಥೆ ಹೇಳುವವರಿಗೆ ಬಾಯಿಗಿಂತ ಕೈಯೇ ಮುಂದು. ನೋಹನ ನಾವೆಗೆ ಬೊಗಸೆ, ಮಳೆಗೆ ಕುಣಿಯುವ ಬೆರಳು, ಗೊಲ್ಯಾತನ ಎತ್ತರಕ್ಕೆ ಚಾಚಿದ ತೋಳು, ಯೆರಿಕೋ ಗೋಡೆ ಬೀಳುವಾಗ ಧೊಪ್ಪನೆ ಕೆಳಗಿಳಿಯುವ ಮೊಣಕೈ. ಹುಲ್ಲಹಳ್ಳಿಯಲ್ಲಿ ನನ್ನ ಕಥೆ ಕೇಳುವ ಮಕ್ಕಳು ಮಾತು ಮರೆತಾರು, ಸನ್ನೆ ಮರೆಯುವುದಿಲ್ಲ. ಆದ್ದರಿಂದಲೇ ನನ್ನ ಕೈ ಅವರಿಗೆ ಏನು ಕಲಿಸುತ್ತಿದೆ ಎಂದು ಕೇಳಿಕೊಳ್ಳದೆ ಇರಲಾರೆ.

ಮೋಶೆ ಕೆಂಪು ಸಮುದ್ರದ ಮೇಲೆ ಕೈಚಾಚುವ ಕಥೆ ಹೇಳುತ್ತಿದ್ದೆ. ಬಲಗೈಯನ್ನು ಮೇಲೆತ್ತಿದೆ. ಮುಂದೆಯೇ ಕುಳಿತಿದ್ದ ಹುಡುಗ ಥಟ್ಟನೆ ಕತ್ತು ಕುಗ್ಗಿಸಿ, ಕಣ್ಣು ಮುಚ್ಚಿ, ಮೊಣಕೈಯನ್ನು ಕಿವಿಗೆ ಅಡ್ಡ ಹಿಡಿದ. ಮರುಕ್ಷಣ ಕಥೆಯ ನೆನಪಾಗಿ ಎಲ್ಲರ ಜೊತೆ ತಾನೂ ಕೈ ಎತ್ತಿದ. ಅವನ ಮೈಗೆ ಗೊತ್ತಿರುವ ಎತ್ತಿದ ಕೈ ಎಂದರೆ ಏಟು. ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಆ ಕಟ್ಟಳೆ ಮನೆಯ ಹೊಸ್ತಿಲು ದಾಟುವುದಿಲ್ಲ. ನಾನೂ ಅಂಥ ಕೈಯ ಕೆಳಗೇ ಬೆಳೆದವಳು. ಅದರ ವೇಗ ನನ್ನ ಭುಜದಲ್ಲೂ ಇದೆ.

ನನಗೆ ಚೆನ್ನಾಗಿ ಒದಗಿಬರುವ ಕಥೆಗಳು ಯಾವುವು ಎಂದು ನೋಡಿಕೊಂಡೆ. ಫರೋಹನ ಸೈನ್ಯ ಮುಳುಗುವುದು, ದಾವೀದನ ಕವಣೆ ಬೀಸುವುದು, ಗೋಡೆ ಉರುಳುವುದು. ಅಲ್ಲಿ ನನ್ನ ಕೈಗೆ ಎಲ್ಲಿಲ್ಲದ ಹುರುಪು. ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಹಿಡಿದ ಮಕ್ಕಳಿಗೂ ಅದೇ ಇಷ್ಟ. ಎಲ್ಲರ ಕಣ್ಣೂ ನನ್ನ ಕೈಯ ಮೇಲಿರುವ ಆ ಹೊತ್ತಿನ ಹಿಡಿತ ನನಗೆ ಹಿತವೆನಿಸುತ್ತದೆ. ಆ ಹಿತ ದೇವರ ಮಹಿಮೆ ಕಂಡದ್ದರಿಂದ ಬಂದದ್ದೋ, ಬೀಳಿಸುವ ಶಕ್ತಿ ಒಂದಿಷ್ಟು ನನ್ನದೂ ಆದದ್ದರಿಂದಲೋ? ಎರಡನೆಯದರ ಪಾಲೇ ದೊಡ್ಡದು ಎಂದು ನನ್ನ ಮನಸ್ಸು ಹೇಳುತ್ತದೆ.

ಜಲಪ್ರಳಯದ ಕಥೆಗೆ ನೀರು ಪಾದಕ್ಕೆ, ಮೊಣಕಾಲಿಗೆ, ಸೊಂಟಕ್ಕೆ, ಕತ್ತಿಗೆ ಬಂತೆಂದು ಅಂಗೈ ಅಡ್ಡ ಹಿಡಿದು ತೋರಿಸುತ್ತೇವೆ. ಕಪಿಲೆಯ ದಡದ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. 2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿ ನಂಜನಗೂಡಿನ ತಗ್ಗಿನ ಬೀದಿಗಳಿಗೆ ನುಗ್ಗಿದ್ದು, ಮಲ್ಲನಮೂಲೆ ಮಠದ ಹತ್ತಿರ ಮೈಸೂರು ರಸ್ತೆಯೇ ಮುಳುಗಿದ್ದು ಇಲ್ಲಿನ ಮನೆಮಾತು. ಒಬ್ಬಳು ಹುಡುಗಿ ಕೇಳಿದಳು, "ಟೀಚರ್, ಆಚೆ ಇದ್ದೋರು ಏನ್ ಮಾಡುದ್ರು?" ನಾವೆಯ ಆಚೆ ಉಳಿದವರಿಗೆಂದು ನನ್ನ ಹತ್ತಿರ ಸನ್ನೆಯೇ ಇರಲಿಲ್ಲ. ಅವಳೇ ಎರಡೂ ಕೈ ಮೇಲಕ್ಕೆ ಚಾಚಿ, ಎತ್ತಿಕೊಳ್ಳಿ ಎನ್ನುವ ಹಾಗೆ ಬೆರಳು ಮಡಿಸಿ ಬಿಡಿಸಿ ತೋರಿಸಿದಳು.

ಅದಾದ ಮೇಲೆ ಸುವಾರ್ತೆಗಳನ್ನು ಕೈಗಳಿಗಾಗಿಯೇ ಓದಿದೆ. ಯಾರೂ ಮುಟ್ಟದ ಕುಷ್ಠರೋಗಿಯನ್ನು ಯೇಸುಸ್ವಾಮಿ ಕೈನೀಡಿ ಮುಟ್ಟುತ್ತಾರೆ. ಶಿಷ್ಯರು ಗದರಿಸಿದರೂ ಮಕ್ಕಳನ್ನು ಅಪ್ಪಿಕೊಂಡು ಅವರ ಮೇಲೆ ಕೈಯಿಡುತ್ತಾರೆ. ಕಿವುಡನೊಬ್ಬನನ್ನು ಗುಂಪಿನಿಂದ ಆಚೆಗೆ ಕರೆದೊಯ್ದು, ಅವನ ಕಿವಿಗಳಲ್ಲಿ ಬೆರಳಿಟ್ಟು, ನಾಲಿಗೆ ಮುಟ್ಟಿ, ಆಕಾಶದ ಕಡೆ ನೋಡುತ್ತಾರೆ. ಮಾರ್ಕನ ಏಳನೆಯ ಅಧ್ಯಾಯದ ಈ ಪ್ರಸಂಗದಲ್ಲಿ ಕೇಳಿಸದವನಿಗೆ ಮೊದಲು ತಲುಪುವುದು ಸನ್ನೆ, ಮಾತು ಆಮೇಲೆ. ಇಷ್ಟೆಲ್ಲ ಇದ್ದೂ ಈ ಕಥೆಗಳಿಗೆ ಬಂದಾಗ ನನ್ನ ಕೈ ಸೋಲುತ್ತಿತ್ತು.

ಕೈಯಿಂದ ಕಥೆ ಹೇಳುವುದು ಈ ಸೀಮೆಗೆ ಹೊಸದಲ್ಲ. ಮಹದೇಶ್ವರನ ದೇವರಗುಡ್ಡರ ಬೀಸು ಕಂಸಾಳೆ ಕಂಡು ಬೆಳೆದ ನೆಲ ಇದು. ಮಂಗಳೂರು ಮೂಲದ ಭರತನಾಟ್ಯ ಕಲಾವಿದ ಫ್ರಾನ್ಸಿಸ್ ಬಾರ್ಬೋಜಾ ಕ್ರೈಸ್ತ ಕಥನಕ್ಕೆಂದೇ ಹೊಸ ಹಸ್ತಮುದ್ರೆಗಳನ್ನು ರೂಪಿಸಿದರು. ನನಗೆ ದಾರಿ ತೋರಿಸಿದ್ದು ಅಭಯಹಸ್ತ. ಅದೂ ಎತ್ತಿದ ಕೈಯೇ. ಹೊಡೆಯುವ ಕೈ ಭುಜದ ಹಿಂದಕ್ಕೆ ಹೋಗಿ ಬೀಸಿ ಬರುತ್ತದೆ. ಅಭಯದ ಕೈ ಎದೆಯ ಮುಂದೆ, ಮೊಣಕೈ ಮೈಗೆ ಹತ್ತಿರವಾಗಿ, ಅಂಗೈ ತೆರೆದು ನಿಲ್ಲುತ್ತದೆ. ಈಗ ಮೋಶೆಯ ಕೈಯನ್ನು ನಾನು ಎದೆಯ ಮುಂದಿನಿಂದ, ನಿಧಾನವಾಗಿ ಎತ್ತುತ್ತೇನೆ.

ಲೂಕನ ಹದಿನೈದನೆಯ ಅಧ್ಯಾಯದಲ್ಲಿ ತಪ್ಪಿಹೋದ ಮಗನನ್ನು ಕಂಡು ತಂದೆ ಓಡಿಬರುತ್ತಾನೆ. ಅದನ್ನು ಮಕ್ಕಳಿಂದ ಮಾಡಿಸಿದಾಗ ಕಷ್ಟ ತಿಳಿಯಿತು. ಗೊಲ್ಯಾತನಾಗಲು ನಾ ಮುಂದು ತಾ ಮುಂದು ಎನ್ನುವ ಹುಡುಗರು ತಂದೆಯ ಪಾತ್ರಕ್ಕೆ ಹಿಂಜರಿದರು. ತೋಳು ಅಗಲಿಸಿದವನಿಗೆ ಆಮೇಲೆ ಏನು ಮಾಡಬೇಕೆಂದು ತೋಚಲಿಲ್ಲ. ಮಗನಾದವನು ನಕ್ಕು ದೂರ ಸರಿದ. ಅಪ್ಪ ಮಗನನ್ನು ತಬ್ಬುವುದನ್ನು ಅವರು ಕಣ್ಣಾರೆ ಕಂಡಿದ್ದು ಕಡಿಮೆ. ನನ್ನ ತೋಳುಗಳೂ ಅವರ ತೋಳುಗಳಷ್ಟೇ ಬಿಗಿಯಾಗಿದ್ದವು.

ಪ್ರಳಯವನ್ನಾಗಲಿ ಗೊಲ್ಯಾತನನ್ನಾಗಲಿ ನಾನು ಬಿಡುವುದಿಲ್ಲ. ಗ್ರಂಥದಲ್ಲಿರುವುದನ್ನು ನನಗೆ ಬೇಕಾದಂತೆ ಕತ್ತರಿಸುವ ಅಧಿಕಾರ ನನಗಿಲ್ಲ. ಆದರೆ ದಂಡನೆಗೆ ಕೊಡುವಷ್ಟೇ ಹೊತ್ತು, ಅಷ್ಟೇ ಉಸಿರು, ಅಷ್ಟೇ ಅಭ್ಯಾಸವನ್ನು ಕರುಣೆಗೂ ಕೊಡಬೇಕು. ನಾವೆಯ ಆಚೆ ನಿಂತವರ ಕೈಯನ್ನೂ ತೋರಿಸಬೇಕು. ಹೊಡೆಯುವ ಕೈ ನೋಡಿಯೇ ಬಂದುಬಿಡುತ್ತದೆ. ಎತ್ತಿಕೊಳ್ಳುವ ಕೈಯನ್ನು ಕಲಿತೇ ಪಡೆಯಬೇಕು. ಮಕ್ಕಳ ಜೊತೆ ನಾನೂ ಕಲಿಯುತ್ತಿದ್ದೇನೆ, ಅದಕ್ಕೆ ಭಾನುವಾರವೊಂದೇ ಸಾಲದು.