ಉಪ್ಪುನೀರಿನ ಅಕ್ಕಿ

ಸೋದರಿಯರೇ, ಉಪ್ಪುನೀರಿನ ಗದ್ದೆಯಲ್ಲಿ ಭತ್ತ ಬೆಳೆಯುತ್ತದೆ ಎಂದರೆ ನಂಬುವಿರಾ? ಜೋಳದ ಸೀಮೆಯ ಗೊಬ್ಬೂರಿನವಳಾದ ನಾನಂತೂ ನಂಬಿರಲಿಲ್ಲ. ನಮ್ಮ ಅಫಜಲಪುರ ತಾಲ್ಲೂಕಿಗೂ ಭೀಮಾ ನದಿ ಇದೆ, ಮೀನು ಹಿಡಿಯುವವರೂ ಇದ್ದಾರೆ. ಆದರೆ ನಮ್ಮಲ್ಲಿ ಹೊಳೆ ಬೇರೆ, ಹೊಲ ಬೇರೆ. ತಂಗಿಯ ಬಾಣಂತನಕ್ಕೆಂದು ಉತ್ತರ ಕನ್ನಡದ ಕುಮಟಾದಲ್ಲಿ ಎರಡು ತಿಂಗಳು ಇದ್ದಾಗ, ಎರಡೂ ಒಂದೇ ಆಗಿರುವುದನ್ನು ಕಂಡೆ.

ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆಯ ತಗ್ಗು ಗದ್ದೆಗೆ ಗಜನಿ ಅಂತಾರ. ಮಳೆಗಾಲದಲ್ಲಿ ನೀರಿನ ಉಪ್ಪು ಇಳಿದಾಗ ಕಗ್ಗ ಎಂಬ ಭತ್ತ ಬಿತ್ತುತ್ತಾರೆ. ಎತ್ತರದ ಪೈರು, ಉಪ್ಪನ್ನೂ ತಾಳುತ್ತದೆ, ನೆರೆಯನ್ನೂ ತಾಳುತ್ತದೆ. ಗೊಬ್ಬರ ಬೇಡ. ತೆನೆ ಮಾತ್ರ ಕೊಯ್ದು ಕೂಳೆ ಬಿಡುತ್ತಾರೆ. ಆಮೇಲೆ ಕಟ್ಟೆಯ ಬಾಗಿಲು ತೆಗೆದು ಉಬ್ಬರದ ನೀರು ಬಿಟ್ಟರಾಯಿತು, ಕೊಳೆತ ಕೂಳೆಯೇ ಸಿಗಡಿ, ಮೀನುಗಳಿಗೆ ಮೇವು.

ಇಳಿತದ ಹೊತ್ತಿಗೆ ಹೆಂಗಸರು ಸೀರೆ ಎತ್ತಿಕಟ್ಟಿ ಹೊಳೆಯ ಕೆಸರಿಗಿಳಿದು ಚಿಪ್ಪಿಕಲ್ಲು ಹೆಕ್ಕುತ್ತಾರೆ. ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದಂತೆ. ಇವತ್ತು ಒಂಬತ್ತಕ್ಕಾದರೆ ನಾಳೆ ಹತ್ತರ ಹತ್ತಿರ! ಅವರ ಅಡುಗೆ, ಮಕ್ಕಳ ಊಟ, ಬಟ್ಟೆ ಒಗೆತ ಎಲ್ಲವೂ ಹಾಗೇ ಸರಿಯುತ್ತಿರಬೇಕು. ನಮ್ಮ ಗಂಡಸರು ಊಟ ಅರ್ಧ ಗಂಟೆ ತಡವಾದರೆ ಮುಖ ಊದಿಸುತ್ತಾರಲ್ಲ, ಅವರನ್ನೊಮ್ಮೆ ಅಲ್ಲಿಗೆ ಕಳಿಸಬೇಕು ನೋಡ್ರಿ.

ತಂಗಿಯ ಮನೆಗೆ ಮೀನು ತರುತ್ತಿದ್ದಾಕೆ ಒಂದು ದಿನ ಬುಟ್ಟಿ ಇಳಿಸಿ ಹೇಳಿದಳು: "ಅಕ್ಕಾ, ಮೊದ್ಲು ಗಜನಿಗೆ ಸಣ್ಣ ಬಲೆ ಹಿಡ್ಕಂಡು ಹೋದ್ರೆ ಸಂಜೆ ಸಾರಿಗಾಗ್ತಿತ್ತು. ಆಮೇಲೆ ಕಾವಲಿನವ್ರು ಬಂದ್ರು."

1990ರ ದಶಕದಲ್ಲಿ ಸಿಗಡಿಗೆ ಒಳ್ಳೆಯ ಬೆಲೆ ಬಂದು ಎಷ್ಟೋ ಗಜನಿಗಳು ಗುತ್ತಿಗೆಗೆ ಹೋದವು. ವರ್ಷವಿಡೀ ಉಪ್ಪುನೀರು ನಿಲ್ಲಿಸಿದ್ದರಿಂದ ಕಗ್ಗಕ್ಕೆ ಜಾಗವಿಲ್ಲದಾಯಿತು. ಆ ದಶಕದ ನಡುವೆ ಬಿಳಿಚುಕ್ಕೆ ರೋಗ ಬಂದು ಸಿಗಡಿಯೂ ಸತ್ತಿತು. ಹಣ ಹಾಕಿದವರು ಬೇರೆ ದಾರಿ ಹುಡುಕಿಕೊಂಡಿರಬಹುದು. ಸಾರಿನ ಮೀನು ಕಳೆದುಕೊಂಡವಳು ಎಲ್ಲಿಗೆ ಹೋಗಬೇಕು?

ಮಾಣಿಕಟ್ಟಾದ ರೈತರು ಒಟ್ಟುಗೂಡಿ ಮತ್ತೆ ಕಗ್ಗ ಬೆಳೆದರು. 2024ರ ಜನವರಿಯಲ್ಲಿ ಅಘನಾಶಿನಿಯ ಅಳಿವೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗುನೆಲಗಳ ಪಟ್ಟಿಗೆ, ಸೇರಿದ ಸುದ್ದಿ ಬಂತು. ಸಂತೋಷವೇ. ಆದರೆ ಆ ಪಟ್ಟಿಯಲ್ಲಿ ಸಣ್ಣ ಬಲೆಯವಳ ಪಾಲು ಎಷ್ಟೆಂದು ಯಾರಾದರೂ ಬರೆದಿದ್ದಾರೆಯೇ?

ಬರುವಾಗ ಎರಡು ಸೇರು ಕಗ್ಗದ ಅಕ್ಕಿ ತಂದೆ. ಕೆಂಪು ಅಕ್ಕಿ, ರಾತ್ರಿ ನೆನೆಹಾಕಿ ಸಣ್ಣ ಉರಿಯಲ್ಲಿ ಗಂಜಿ ಮಾಡಿದೆ. ಮೀನಿನ ಸಾರಿಲ್ಲದ ನಮ್ಮ ಮನೆಯಲ್ಲಿ ಶೇಂಗಾ ಹಿಂಡಿಯೇ ಜೊತೆಗಾಯಿತು. ಅತ್ತೆಯವರು ಎರಡನೇ ಸಲ ಬಡಿಸಿಕೊಂಡರು.