ಸೇವೆಗೂ ಒಂದು ಎಲ್ಲೆಯುಂಟು

ಆಸ್ಪತ್ರೆಯ ಹಾಸಿಗೆಯನ್ನು ಸೇರಿದ ಮನುಷ್ಯನು ತನ್ನ ಅಂತಸ್ತು, ಸಂಕೋಚಗಳನ್ನು ಹೊಸ್ತಿಲಾಚೆ ಬಿಡಬೇಕಾಗುತ್ತದೆ. ಮನೆಯವರೂ ಕಾಣದ ಗಾಯವನ್ನು ದಾದಿ ಕಾಣುತ್ತಾಳೆ. ಮಡದಿಗೂ ಹೇಳದ ಭಯವನ್ನು ಕೇಳುತ್ತಾಳೆ. ಇಷ್ಟು ಸಮೀಪ ಬಂದವಳು ಎಷ್ಟು ದೂರದಲ್ಲಿ ನಿಲ್ಲಬೇಕು? ಶುಶ್ರೂಷೆಯ ಕಠಿಣವಾದ ಪ್ರಶ್ನೆ ಇದೇ ಆಗಿದೆ.

ಫ್ಲಾರೆನ್ಸ್ ನೈಟಿಂಗೇಲ್ ಎಂದೊಡನೆ ಕೈದೀಪ ಹಿಡಿದ ಕರುಣಾಮಯಿಯ ಚಿತ್ರ ಕಣ್ಮುಂದೆ ನಿಲ್ಲುತ್ತದೆ. ಆ ಕರುಣೆಯ ಹಿಂದೆ ಕಟ್ಟುನಿಟ್ಟಾದ ಶಿಸ್ತಿತ್ತು. ಕ್ರಿಮಿಯ ಯುದ್ಧಕಾಲದಲ್ಲಿ, 1854ರ ನವೆಂಬರಿನಲ್ಲಿ, 38 ಮಂದಿ ದಾದಿಯರೊಡನೆ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಬಂದ ಆಕೆ, ವೈದ್ಯರು ಕೇಳಿಕೊಳ್ಳುವ ತನಕ ತನ್ನವರನ್ನು ಶುಶ್ರೂಷೆಗೆ ಬಿಡಲಿಲ್ಲ. ಸೈನಿಕರ ಮನೆಗಳಿಗೆ ಪತ್ರ ಬರೆದು ಸಂತೈಸಿದವಳೂ ಆಕೆಯೇ. 1859ರಲ್ಲಿ ಪ್ರಕಟವಾದ ತನ್ನ ‘ನೋಟ್ಸ್ ಆನ್ ನರ್ಸಿಂಗ್’ ಗ್ರಂಥದಲ್ಲಿ, ದಾದಿಯಾದವಳು ರೋಗಿಯ ವಿಷಯವನ್ನು ಕೇಳುವ ಹಕ್ಕುಳ್ಳವರಿಗಲ್ಲದೆ ಅನ್ಯರಿಗೆ ಹೇಳಕೂಡದೆಂದು ವಿಧಿಸಿದಳು. ರೋಗಿಯ ಕೋಣೆಯಲ್ಲಿ ಪಿಸುಮಾತನ್ನೂ, ಹುರುಳಿಲ್ಲದ ಭರವಸೆಯನ್ನೂ ಖಂಡಿಸಿದಳು. ಕೇಳಿಸದ ಮಾತು ತನ್ನ ಕುರಿತೇ ಇರಬೇಕೆಂದು ರೋಗಿ ತಲ್ಲಣಿಸುವನಲ್ಲವೆ!

ಇಂದಿನ ವಾರ್ಡುಗಳಲ್ಲಿಯೂ ಆ ಶಿಸ್ತಿನ ಪರೀಕ್ಷೆ ನಿತ್ಯ ನಡೆಯುತ್ತದೆ. ಗುಣಹೊಂದಿ ಊರಿಗೆ ಹೊರಟ ಮುದುಕಿಯೊಬ್ಬಳು ಸೆರಗಿನ ಗಂಟು ಬಿಚ್ಚಿ, “ಇಟ್ಕೋ ನನ್ನವ್ವಾ” ಎಂದು ನೋಟೊಂದನ್ನು ನೀಡುತ್ತಾಳೆ. ಕೊಡುವುದು ಲಂಚವಲ್ಲ, ಅಂತಃಕರಣ. ಆದರೆ ಪಕ್ಕದ ಹಾಸಿಗೆಯ ಬಡವನ ಕಣ್ಣು ಆ ಕೈಯ ಮೇಲೆಯೇ ನೆಟ್ಟಿರುತ್ತದೆ. ಇಂದು ಆ ಹಣವನ್ನು ಮುಟ್ಟಿದರೆ, ನಾಳೆ ನಡುರಾತ್ರಿ ನೀರು ಕೇಳಲು ಅವನು ಅಳುಕಬಹುದು. ಬಲ್ಲ ದಾದಿ ಮುದುಕಿಯ ಕೈಯನ್ನು ಬಿಗಿಯಾಗಿ ಹಿಡಿದು, ಹಣವನ್ನು ಮಾತ್ರ ಹಿಂದಿರುಗಿಸುತ್ತಾಳೆ.

ಇನ್ನೊಬ್ಬ ರೋಗಿ ಗುಳಿಗೆ ನುಂಗುವುದನ್ನು ಬಿಟ್ಟಿರುವನು. “ಡಾಕ್ಟರಿಗೆ ಹೇಳಬೇಡಿ ಸಿಸ್ಟರ್” ಎಂದು ಅಂಗಲಾಚುತ್ತಾನೆ. ಆಗಲೆಂದರೆ ಅವನ ಪ್ರೀತಿ ಸುಲಭವಾಗಿ ದೊರಕೀತು. ಪ್ರಾಣಕ್ಕೆ ಅಪಾಯವೂ ಬಂದೀತು. “ಚಿಕಿತ್ಸೆಗೆ ಬೇಕಾದುದನ್ನು ಡಾಕ್ಟರಿಗೆ ಹೇಳಲೇಬೇಕು, ನೀವೇ ಹೇಳಿ, ನಾನು ಜೊತೆಗಿರುತ್ತೇನೆ” ಎನ್ನುವವಳ ಮೇಲೆ ಅವನು ಆ ಕ್ಷಣಕ್ಕೆ ಮುನಿಯಬಹುದು. ಆದರೂ ಮುಂದೆ ಅವನು ನಂಬುವುದು ಅವಳನ್ನೇ. ಏಕೆಂದರೆ ಅವಳು ಮುಖಸ್ತುತಿಗಾಗಿ ಮಾತು ಕೊಡುವವಳಲ್ಲವೆಂಬುದು ಅವನಿಗೆ ತಿಳಿದಿರುತ್ತದೆ.

ಹನ್ನೆರಡನೆಯ ಶತಮಾನದ ಶರಣರು ದುಡಿಮೆಯನ್ನು ಕಾಯಕವೆಂಬ ಎತ್ತರಕ್ಕೆ ಏರಿಸಿದರು. ಕಾಯಕಕ್ಕೆ ಶುಚಿಯೇ ಜೀವಾಳ. ಶುಶ್ರೂಷೆಯಲ್ಲಿ ಆ ಶುಚಿಯ ಹೆಸರೇ ಎಲ್ಲೆ. ಅದು ರೋಗಿಯನ್ನು ದೂರವಿಡುವ ಗೋಡೆಯಲ್ಲ. ದೀಪವು ಗಾಳಿಗೆ ನಂದದಂತೆ ಸುತ್ತ ಹಿಡಿದ ಅಂಗೈ. ಇಂಥ ವಿದ್ಯಾಮಂದಿರಗಳಿಂದ ಹೊರಟು ಆ ಕಾಯಕವನ್ನು ಕೈಗೊಳ್ಳುವ ಮಕ್ಕಳು ಮರುಕದೊಡನೆ ಈ ಎಚ್ಚರವನ್ನೂ ಜೊತೆಗೊಯ್ಯಲಿ.